ಕಫದ ಡಬ್ಬಿಯಿಂದ ಕಸಿಯ ಕೋಣೆಯವರೆಗೆ



2025ರ ಆಗಸ್ಟ್ 1ರ ರಾತ್ರಿ ಬೆಂಗಳೂರಿನ ವೈಟ್‌ಫೀಲ್ಡಿನ ಆಸ್ಪತ್ರೆಯೊಂದರಲ್ಲಿ ದಾನವಾದ ಯಕೃತ್ತು ನಮ್ಮ ಮೆಟ್ರೋದ ನೇರಳೆ ಮಾರ್ಗದಲ್ಲಿ ರಾಜರಾಜೇಶ್ವರಿ ನಗರ ತಲುಪಿತು. ಕೆ.ಆರ್. ಪುರ, ಬೆನ್ನಿಗಾನಹಳ್ಳಿ, ಇಂದಿರಾನಗರ, ಹಲಸೂರು, ಟ್ರಿನಿಟಿ ಎಂದು ನಾವು ದಿನಾ ಹತ್ತಿ ಇಳಿಯುವ ನಿಲ್ದಾಣಗಳನ್ನೆಲ್ಲ ದಾಟಿ, ಸುಮಾರು 31 ಕಿಲೋಮೀಟರ್ ದೂರವನ್ನು ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಸಿತು. ಟಿನ್ ಫ್ಯಾಕ್ಟರಿಯ ಬಳಿ ಸಂಜೆ ಹೊತ್ತು ಬಸ್ಸಿನಲ್ಲಿ ಕೂತು ಬೆವರಿದವರಿಗೆ ಅದೆಂಥ ದೊಡ್ಡ ಕೆಲಸವೆಂದು ವಿವರಿಸಬೇಕಿಲ್ಲ. ಹೈದರಾಬಾದಿನ ಬಳಿಕ ಮೆಟ್ರೋದಲ್ಲಿ ಅಂಗ ಸಾಗಿಸಿದ ಎರಡನೆಯ ಊರು ನಮ್ಮದು. ಅಂದು ಆ ಕೆಲಸದಲ್ಲಿ ಕೈಜೋಡಿಸಿದ ಪ್ರತಿಯೊಬ್ಬರಿಗೂ ಈ ವೇದಿಕೆಯಿಂದ ನಮಸ್ಕಾರ ಹೇಳುತ್ತೇನೆ.

ಮೂತ್ರಪಿಂಡ, ಯಕೃತ್ತುಗಳ ಮಾತು ಈಗ ಮನೆಮನೆಯಲ್ಲೂ ಕೇಳಿಬರುತ್ತದೆ. ಶ್ವಾಸಕೋಶದ ಮಾತು ಹಾಗಲ್ಲ. 2023ರಲ್ಲಿ ನಮ್ಮ ದೇಶದಲ್ಲಿ ನಡೆದ ಅಂಗಾಂಗ ಕಸಿಗಳು ಒಟ್ಟು 18,378. ಅದರಲ್ಲಿ ಶ್ವಾಸಕೋಶದವು 197. ಅದೇ ವರ್ಷ ಕರ್ನಾಟಕದಲ್ಲಿ 178 ಕುಟುಂಬಗಳು ಮಿದುಳು ನಿಷ್ಕ್ರಿಯಗೊಂಡ ತಮ್ಮವರ ಅಂಗಗಳನ್ನು ಕೊಟ್ಟವು. ಕೊಡುವ ಮನಸ್ಸಿನಲ್ಲಿ ನಮ್ಮ ರಾಜ್ಯ ದೇಶದ ಮುಂಚೂಣಿಯಲ್ಲಿದೆ. ಹಾಗಿದ್ದೂ ಶ್ವಾಸಕೋಶದ ಕಸಿ ಏಕಿಷ್ಟು ಅಪರೂಪ? ಅದರಲ್ಲೂ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುಕಾಯಿಲೆಯಿಂದ ಎದೆಯೊಳಗೆ ವರ್ಷಗಟ್ಟಲೆ ಬ್ಯಾಕ್ಟೀರಿಯಾ ಬೀಡುಬಿಟ್ಟಿರುವವರಿಗೆ ಅದು ಏಕೆ ಅಷ್ಟು ದೂರದ ಮಾತು? ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯ ಇದು.

ನಾನು ಶಸ್ತ್ರವೈದ್ಯೆಯಲ್ಲ. ಕಂಟೋನ್ಮೆಂಟಿನ ಈ ಕಡೆಯ ಲ್ಯಾಬುಗಳಲ್ಲಿ ಕಫ, ರಕ್ತ, ಕೀವುಗಳನ್ನು ತಟ್ಟೆಯಲ್ಲಿ ಬೆಳೆಸಿ, ಯಾವ ಸೂಕ್ಷ್ಮಾಣು ಬಂದಿದೆ, ಅದಕ್ಕೆ ಯಾವ ಔಷಧಿ ನಾಟುತ್ತದೆ ಎಂದು ಬರೆದುಕೊಡುವುದು ನನ್ನ ಕಸುಬು. ಆ ಮೇಜಿನ ಹಿಂದೆ ಕೂತು ಕಂಡುಕೊಂಡ ಒಂದೇ ಮಾತನ್ನು ಹೇಳಲು ಬಂದಿದ್ದೇನೆ. ಈ ಕಾಯಿಲೆಯವರಿಗೆ ಹೊಸ ಶ್ವಾಸಕೋಶ ದಕ್ಕುತ್ತದೋ ಇಲ್ಲವೋ ಎಂಬುದು ಆಪರೇಷನ್ ಥಿಯೇಟರಿಗೆ ಹೋಗುವ ಎಷ್ಟೋ ವರ್ಷ ಮೊದಲೇ, ಒಂದು ಚಿಕ್ಕ ಕಫದ ಡಬ್ಬಿಯ ಮೇಲೆ ನಿಂತಿರುತ್ತದೆ. ಆ ಡಬ್ಬಿಯೊಳಗಿನ ಜೀವಿ ಇಂಥದ್ದೇ ಎಂದು ಖಚಿತವಾಗಿ ಗುರುತಿಸಿದವರ ಊರಲ್ಲಿ ರೋಗಿಗೆ ಒಂದು ದಾರಿ ಉಳಿಯುತ್ತದೆ. ಗುರುತಿಸದೆ ಬಿಟ್ಟಲ್ಲಿ ಆ ದಾರಿ ಯಾರಿಗೂ ತಿಳಿಯದಂತೆ ಮುಚ್ಚಿಹೋಗುತ್ತದೆ.

ಮೊದಲು ಕಾಯಿಲೆಯ ವಿಚಾರ. ನಮ್ಮ ಏಳನೆಯ ವರ್ಣತಂತುವಿನಲ್ಲಿ ಸಿಎಫ್‌ಟಿಆರ್ ಎಂಬ ಜೀನ್ ಇದೆ. 1989ರಲ್ಲಿ ಲ್ಯಾಪ್-ಚೀ ಚುಯಿ, ಫ್ರಾನ್ಸಿಸ್ ಕಾಲಿನ್ಸ್, ಜಾನ್ ರಿಯೋರ್ಡನ್ ಅವರ ತಂಡಗಳು ಅದನ್ನು ಕಂಡುಹಿಡಿದವು. ಜೀವಕೋಶದ ಪೊರೆಯಲ್ಲಿ ಕ್ಲೋರೈಡ್ ಹೋಗಿಬರುವ ಬಾಗಿಲನ್ನು ಕಟ್ಟುವುದು ಈ ಜೀನಿನ ಕೆಲಸ. ತಂದೆಯಿಂದ ಒಂದು, ತಾಯಿಯಿಂದ ಒಂದು ಕೆಟ್ಟ ಪ್ರತಿ ಬಂದರೆ ಬಾಗಿಲು ಸರಿಯಾಗಿ ತೆರೆಯುವುದಿಲ್ಲ. ಶ್ವಾಸನಾಳದ ಒಳಗಿನ ತೆಳುವಾದ ನೀರಿನ ಪದರ ಒಣಗುತ್ತದೆ, ಕಫ ಗಟ್ಟಿಯಾಗಿ ಕೂರುತ್ತದೆ, ಮೇದೋಜೀರಕದ ನಾಳಗಳು ಕಟ್ಟಿಕೊಳ್ಳುತ್ತವೆ, ಬೆವರಿನಲ್ಲಿ ಉಪ್ಪು ಸೋರಿಹೋಗುತ್ತದೆ. ತಂದೆತಾಯಿ ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಪ್ರತಿ ಬಸಿರಿನಲ್ಲೂ ನಾಲ್ಕಕ್ಕೆ ಒಂದರಷ್ಟು ಸಂಭವ ಇರುವುದು ಅವರಿಗೆ ತಿಳಿದಿರುವುದಿಲ್ಲ.

ಇದು ಬಿಳಿಯರ ಕಾಯಿಲೆ, ನಮ್ಮಲ್ಲಿಲ್ಲ ಎಂದು ಬಹುಕಾಲ ಪಾಠ ಹೇಳಲಾಯಿತು. 1960ರ ದಶಕದ ಕೊನೆಗೆ ಭಾರತದ ಮಕ್ಕಳಲ್ಲಿ ಅದನ್ನು ಗುರುತಿಸಿದ ವರದಿಗಳು ಬಂದವು. ಆಮೇಲೆ ದೆಹಲಿಯ ಏಮ್ಸ್‌ನಲ್ಲಿ ಡಾ. ಎಸ್.ಕೆ. ಕಾಬ್ರಾ ಮತ್ತವರ ಸಂಗಡಿಗರು ದಶಕಗಟ್ಟಲೆ ದುಡಿದು ಆ ನಂಬಿಕೆಯನ್ನು ಅಳಿಸಿದರು. ಬ್ರಿಟನ್ ಮತ್ತು ಅಮೆರಿಕದಲ್ಲಿ ನೆಲೆಸಿದ ಭಾರತೀಯ ಮೂಲದ ಕುಟುಂಬಗಳಲ್ಲಿ ಮಾಡಿದ ಅಂದಾಜುಗಳು 10,000 ಮಕ್ಕಳಿಗೆ ಒಂದರಿಂದ 40,000ಕ್ಕೆ ಒಂದರವರೆಗೆ ಹರಡಿಕೊಂಡಿವೆ. ಯುರೋಪಿನಲ್ಲಿ ಬಹುಪಾಲು ರೋಗಿಗಳಲ್ಲಿ ಕಾಣುವ ಎಫ್508ಡೆಲ್ ಎಂಬ ದೋಷ ನಮ್ಮಲ್ಲಿ ಅಷ್ಟು ಸಾಮಾನ್ಯವಲ್ಲ, ಬೇರೆ ದೋಷಗಳೇ ಹೆಚ್ಚು. ಹಾಗಾಗಿ ಪಶ್ಚಿಮದವರಿಗೆಂದು ತಯಾರಾದ ಜೀನ್ ಪರೀಕ್ಷೆಯ ಪಟ್ಟಿಯಲ್ಲಿ ನಮ್ಮ ಮಗು ಸಿಗದೇ ಹೋಗಬಹುದು. ನಮ್ಮ ನಾಡಿನ ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ದೊಡ್ಡ ತಪಾಸಣೆ ನಡೆದಾಗ, ಮೂರರಲ್ಲಿ ಒಂದು ಮದುವೆ ಸೋದರಮಾವ ಅಥವಾ ಅತ್ತೆ-ಮಾವನ ಮಕ್ಕಳ ನಡುವಿನ ಸಂಬಂಧವಾಗಿತ್ತು. ಒಳಸಂಬಂಧದಲ್ಲಿ ಒಂದೇ ಕೆಟ್ಟ ಪ್ರತಿ ಎರಡು ಕಡೆಯಿಂದಲೂ ಬಂದು ಸೇರುವ ಸಂಭವ ಹೆಚ್ಚು. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಮಗುವಿನ ಕೆಮ್ಮಿನ ಕಾರಣ ಹುಡುಕುವ ವೈದ್ಯರು ಮನೆತನದ ಸಂಬಂಧವನ್ನು ಕೇಳಿ ಬರೆದುಕೊಳ್ಳಲಿ ಎಂದು ಹೇಳುತ್ತಿದ್ದೇನೆ.

ರೋಗ ಹಿಡಿಯುವ ಪರೀಕ್ಷೆ ಸರಳ. 1959ರಲ್ಲಿ ಗಿಬ್ಸನ್ ಮತ್ತು ಕುಕ್ ರೂಪಿಸಿದ ವಿಧಾನ ಇಂದಿಗೂ ನಡೆಯುತ್ತಿದೆ. ತೋಳಿನ ಮೇಲೆ ಪೈಲೋಕಾರ್ಪಿನ್ ಹಚ್ಚಿ, ಸಣ್ಣ ವಿದ್ಯುತ್ ಹರಿಸಿ, ಬೆವರು ಬರಿಸಿ, ಅದರಲ್ಲಿನ ಕ್ಲೋರೈಡ್ ಅಳೆಯುತ್ತಾರೆ. ಲೀಟರಿಗೆ 60 ಮಿಲಿಮೋಲ್ ಅಥವಾ ಹೆಚ್ಚಿದ್ದರೆ ಕಾಯಿಲೆ ಇದೆಯೆಂದು ಲೆಕ್ಕ. ಏಮ್ಸ್‌ನವರು ಅಗ್ಗದ ದೇಶೀ ಉಪಕರಣವನ್ನೂ ಮಾಡಿ ತೋರಿಸಿದ್ದಾರೆ. ಎಷ್ಟೋ ಸಲ ಉಪಕರಣಕ್ಕಿಂತ ಮೊದಲೇ ತಾಯಂದಿರು ಇದನ್ನು ಕಂಡಿರುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಮಗುವಿನ ಹಣೆಯ ಮೇಲೆ ಬಿಳಿ ಪುಡಿ ಕೂರುವುದನ್ನು, ಮುತ್ತಿಟ್ಟಾಗ ತುಟಿಗೆ ಉಪ್ಪು ತಾಗುವುದನ್ನು ಹೇಳುತ್ತಾರೆ. ದಯವಿಟ್ಟು ಆ ಮಾತನ್ನು ಕೇಳಿಸಿಕೊಳ್ಳಿ. ಕೆಮ್ಮು, ತೂಕ ಏರದಿರುವುದು, ಎಣ್ಣೆ ತೇಲುವ ಮಲ ಇವು ಮೂರೂ ಸೇರಿದ ಮಗುವಿಗೆ ನಮ್ಮಲ್ಲಿ ಕ್ಷಯದ ಮಾತ್ರೆ ಶುರುವಾಗುವುದು ಸಾಮಾನ್ಯ. ಕಂಟೋನ್ಮೆಂಟಿನ ಅಂಚಿನಲ್ಲೇ, ಬಳ್ಳಾರಿ ರಸ್ತೆಯಲ್ಲಿ, 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಗಿ ದೇಶದ ಕ್ಷಯ ನಿಯಂತ್ರಣಕ್ಕೇ ದಾರಿ ಹಾಕಿಕೊಟ್ಟಿತು. ಆ ಹೆಮ್ಮೆ ನಮಗಿರಲಿ. ಕ್ಷಯದ ಚಿಕಿತ್ಸೆಗೆ ಬಗ್ಗದ ಕೆಮ್ಮಿನ ಹಿಂದೆ ಬೇರೇನಿದೆ ಎಂದು ಕೇಳುವ ಅಭ್ಯಾಸವೂ ಅದರ ಜೊತೆಗೆ ಬೆಳೆಯಲಿ.

ಇನ್ನು ಬ್ಯಾಕ್ಟೀರಿಯಾಗಳ ವಿಚಾರಕ್ಕೆ ಬರುತ್ತೇನೆ. ನನಗೆ ಹೇಳಲು ಹೆಚ್ಚಿರುವುದೂ ಇಲ್ಲಿಯೇ.

ಎಳೆಯ ವಯಸ್ಸಿನಲ್ಲಿ ಈ ಮಕ್ಕಳ ಕಫದಲ್ಲಿ ಸ್ಟೆಫೈಲೊಕಾಕಸ್, ಹಿಮೋಫಿಲಸ್ ಕಾಣುತ್ತವೆ. ಬರಬರುತ್ತ ಸ್ಯೂಡೊಮೋನಾಸ್ ಏರುಜಿನೋಸಾ ಬಂದು ಕೂರುತ್ತದೆ. ಮೊದಮೊದಲು ತಟ್ಟೆಯ ಮೇಲೆ ಅದು ಹಸಿರು ಬಣ್ಣ ಬಿಡುತ್ತದೆ, ಮುಚ್ಚಳ ತೆಗೆದರೆ ದ್ರಾಕ್ಷಿಯಂಥ ಸಿಹಿ ವಾಸನೆ. ಕೆಲವು ವರ್ಷ ಎದೆಯಲ್ಲಿ ಕಳೆದ ಮೇಲೆ ಅದರ ರೂಪವೇ ಬೇರೆ. ಹಸಿರು ಮಾಸಿ, ತಟ್ಟೆಯ ತುಂಬ ಲೋಳೆ ಉಬ್ಬುತ್ತದೆ. ಲೋಳೆಸರದ ಎಲೆ ಸೀಳಿದಾಗ ಇಳಿಯುವ ಅಂಟಿನ ಹಾಗೆ, ತಟ್ಟೆ ಓರೆ ಮಾಡಿದರೆ ಒಂದು ಅಂಚಿಗೆ ನಿಧಾನ ಜಾರುತ್ತದೆ. ಸೂಜಿಯಲ್ಲಿ ಎತ್ತಿದರೆ ದಾರ ಎಳೆಯುತ್ತದೆ. ಆ ಲೋಳೆಯ ಒಳಗೆ ಕುಳಿತ ಜೀವಿಗೆ ಆಂಟಿಬಯಾಟಿಕ್ ತಲುಪುವುದೇ ಕಷ್ಟ. ಹೀಗೆ ರೂಪ ಬದಲಿಸಿದ ಸ್ಯೂಡೊಮೋನಾಸನ್ನು ಪೂರ್ತಿ ಓಡಿಸುವುದು ಬಹುತೇಕ ಆಗದ ಕೆಲಸ. ಅದನ್ನು ಅಡಗಿಸಿಡಬಹುದು, ಅಷ್ಟೇ. ಅದಕ್ಕೇ ಮೊದಲ ಸಲ ಕಾಣಿಸಿಕೊಂಡ ಕೂಡಲೇ ಮೂಗು-ಬಾಯಿಯಿಂದ ಎಳೆದುಕೊಳ್ಳುವ ಟೋಬ್ರಾಮೈಸಿನ್ ಕೊಟ್ಟು ಬುಡಸಮೇತ ಕೀಳಬೇಕೆನ್ನುತ್ತಾರೆ. ಮೂರು ತಿಂಗಳಿಗೊಮ್ಮೆ ಕಫ ಕಳಿಸಿ ನೋಡಿದರೆ ಮಾತ್ರ ಆ ಮೊದಲ ಸಲ ಕೈಗೆ ಸಿಗುತ್ತದೆ.

ಹಲಸೂರಿನ ಸೋಮೇಶ್ವರ ದೇವಸ್ಥಾನದ ಹಿಂದಿನ ಗಲ್ಲಿಯಲ್ಲಿ ಈ ಕಾಯಿಲೆಯ ಹುಡುಗನೊಬ್ಬನ ಮನೆಯ ಬೆಳಗನ್ನು ನಾನು ನೋಡಿದ್ದೇನೆ. ಹಾಲು ಕಾಯುವ ಮೊದಲು ನೆಬ್ಯುಲೈಸರ್ ಗುರುಗುಡುತ್ತದೆ, ಅದರಲ್ಲಿ ಶೇ. 7ರ ಉಪ್ಪು ನೀರು. ಆಮೇಲೆ ಹುಡುಗ ಅಮ್ಮನ ತೊಡೆಯ ಮೇಲೆ ಬೋರಲು ಮಲಗುತ್ತಾನೆ. ಅಮ್ಮ ಅಂಗೈ ಬಟ್ಟಲು ಮಾಡಿ ಬೆನ್ನಿನ ಒಂದೊಂದು ಭಾಗವನ್ನೂ ತಟ್ಟುತ್ತಾರೆ: ಎಡಗಡೆ ಮೇಲೆ, ಎಡಗಡೆ ಕೆಳಗೆ, ಪಕ್ಕೆ. ಅವನು ಕೆಮ್ಮಿ ಉಗುಳಿದ ಮೇಲೆ ನೆಬ್ಯುಲೈಸರಿನ ಕಪ್ಪನ್ನು ಬಿಚ್ಚಿ, ತೊಳೆದು, ಕುದಿಸಿ, ಶುಭ್ರ ಬಟ್ಟೆಯ ಮೇಲೆ ಒಣಗಲು ಇಡುತ್ತಾರೆ. ಊಟದ ಜೊತೆಗೆ ಮೇದೋಜೀರಕದ ಎನ್‌ಜೈಮಿನ ಕ್ಯಾಪ್ಸೂಲ್. "ನೆಂಟರು ಬಂದಾಗ ಎಲ್ಲ ಬಿಟ್ಟು ಇದೇ ಮಾಡ್ತಾ ಕೂತ್ಕೊಳ್ತೀಯಲ್ಲ ಅಂತಾರೆ ಮೇಡಂ. ಬಿಟ್ರೆ ಸಂಜೆಗೇ ಎದೆ ಗೊರಗುಟ್ಟತ್ತೆ" ಎಂದರು ಆಕೆ. ಕಸಿಯ ತಯಾರಿ ಎಂಬುದು ಈ ಮನೆಯಲ್ಲಿ ದಿನಾ ನಡೆಯುತ್ತಿದೆ, ಆ ಮಾತನ್ನು ಅಲ್ಲಿ ಯಾರೂ ಎತ್ತದಿದ್ದರೂ. ತೂಕ ಕಾಯ್ದುಕೊಂಡ, ಸ್ನಾಯು ಉಳಿಸಿಕೊಂಡ, ಹೊಸ ಸೋಂಕು ತಗುಲಿಸಿಕೊಳ್ಳದ ದೇಹವೇ ಮುಂದೊಂದು ದಿನ ಆ ದೊಡ್ಡ ಶಸ್ತ್ರಚಿಕಿತ್ಸೆಯನ್ನು ತಾಳಿಕೊಳ್ಳಬಲ್ಲದು.

ಕಸಿಯ ಚರಿತ್ರೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1981ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬ್ರೂಸ್ ರೈಟ್ಜ್ ಹೃದಯ-ಶ್ವಾಸಕೋಶವನ್ನು ಒಟ್ಟಿಗೆ ಕಸಿ ಮಾಡಿದರು. 1983ರಲ್ಲಿ ಟೊರಾಂಟೊದಲ್ಲಿ ಜೋಯೆಲ್ ಕೂಪರ್ ಒಂದು ಶ್ವಾಸಕೋಶವನ್ನು, 1986ರಲ್ಲಿ ಎರಡನ್ನೂ ಕಸಿ ಮಾಡಿ ಯಶಸ್ಸು ಕಂಡರು. ನಮ್ಮಲ್ಲಿ 1994ರ ಅಂಗಾಂಗ ಕಸಿಯ ಕಾಯಿದೆ ಬಂದಮೇಲೆ, 1999ರಲ್ಲಿ ಚೆನ್ನೈಯಲ್ಲಿ ಡಾ. ಕೆ.ಎಂ. ಚೆರಿಯನ್ ಭಾರತದ ಮೊದಲ ಹೃದಯ-ಶ್ವಾಸಕೋಶ ಕಸಿ ನಡೆಸಿದರು. ಸಿಸ್ಟಿಕ್ ಫೈಬ್ರೋಸಿಸ್‌ನಲ್ಲಿ ಒಂದೇ ಶ್ವಾಸಕೋಶ ಬದಲಿಸಿ ಪ್ರಯೋಜನವಿಲ್ಲ. ಉಳಿದ ಹಳೆಯದರಿಂದ ಕೀವು ಹರಿದು ಹೊಸದನ್ನೂ ಕೆಡಿಸುತ್ತದೆ. ಎರಡನ್ನೂ ತೆಗೆಯಲೇಬೇಕು.

ಹಾಗೆ ತೆಗೆದು ಹಾಕಿದ ಹೊಸ ಶ್ವಾಸಕೋಶದ ಒಂದು ಗುಣ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. ಅದರ ಜೀವಕೋಶಗಳಲ್ಲಿರುವುದು ದಾನಿಯ ಜೀನ್. ಆದ್ದರಿಂದ ಆ ಶ್ವಾಸಕೋಶಕ್ಕೆ ಸಿಸ್ಟಿಕ್ ಫೈಬ್ರೋಸಿಸ್ ಮತ್ತೆ ಬರುವುದೇ ಇಲ್ಲ. ಉಳಿದ ದೇಹ ಮಾತ್ರ ಹಳೆಯದೇ. ಬೆವರು ಉಪ್ಪಾಗಿಯೇ ಇರುತ್ತದೆ, ಎನ್‌ಜೈಮ್ ನುಂಗಲೇಬೇಕು. ಮೂಗಿನ ಸುತ್ತಲ ಸೈನಸ್‌ಗಳಲ್ಲಿ, ಕಸಿಯ ಹೊಲಿಗೆಗಿಂತ ಮೇಲಿನ ಶ್ವಾಸನಾಳದಲ್ಲಿ ಹಳೆಯ ಸ್ಯೂಡೊಮೋನಾಸ್ ಕಾದು ಕೂತಿರುತ್ತದೆ. ಹೊಸ ಶ್ವಾಸಕೋಶಕ್ಕೆ ನರಗಳ ಸಂಪರ್ಕ ಕಡಿದಿರುವುದರಿಂದ ಕೆಳಗೆ ಇಳಿದದ್ದು ಗೊತ್ತಾಗಿ ಕೆಮ್ಮು ಬರುವುದೂ ಕಡಿಮೆ. ಅದರ ಮೇಲೆ ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಪ್ರೆಡ್ನಿಸೊಲೋನ್ ಕೊಟ್ಟು ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸಿರುತ್ತೇವೆ.

ಹಾಗಿದ್ದೂ ಸ್ಯೂಡೊಮೋನಾಸ್ ಇದ್ದವರಿಗೆ ಕಸಿ ಮಾಡುತ್ತಾರೆ, ಫಲಿತಾಂಶ ಚೆನ್ನಾಗಿಯೇ ಬರುತ್ತದೆ. ಲಭ್ಯವಿರುವ ಎಲ್ಲ ಔಷಧಿಗೂ ಬಗ್ಗದ ಸ್ಯೂಡೊಮೋನಾಸ್ ಇದ್ದರೂ ಅದೊಂದೇ ಕಾರಣಕ್ಕೆ ಬೇಡ ಎನ್ನುವುದಿಲ್ಲ. ಎಲ್ಲ ಕಾಯಿಲೆಗಳನ್ನು ಒಟ್ಟು ಹಿಡಿದರೆ ಶ್ವಾಸಕೋಶ ಕಸಿಯಾದವರಲ್ಲಿ ಅರ್ಧದಷ್ಟು ಜನ ಆರು ವರ್ಷಕ್ಕಿಂತ ತುಸು ಹೆಚ್ಚು ಬದುಕುತ್ತಾರೆ. ಸಿಸ್ಟಿಕ್ ಫೈಬ್ರೋಸಿಸ್‌ನವರು, ವಯಸ್ಸು ಚಿಕ್ಕದಾದ ಕಾರಣವೂ ಸೇರಿ, ಅವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ. ಎದೆಯಲ್ಲಿ ಸೋಂಕಿದೆ, ಇವರಿಗೆಲ್ಲಿಯ ಕಸಿ ಎಂದು ರೋಗಿಯನ್ನು ಬಾಗಿಲಲ್ಲೇ ವಾಪಸು ಕಳಿಸುವುದು ತಪ್ಪು. ನಮ್ಮ ಊರಿನ ಹೊರರೋಗಿ ವಿಭಾಗಗಳಲ್ಲಿ ಈ ಮಾತು ಇನ್ನೂ ಕಿವಿಗೆ ಬೀಳುತ್ತದೆ, ಬೇಸರದಿಂದ ಹೇಳುತ್ತಿದ್ದೇನೆ. ಮೊದಲ ಸೆಕೆಂಡಿನಲ್ಲಿ ಊದುವ ಗಾಳಿಯ ಪ್ರಮಾಣ ಇರಬೇಕಾದ್ದರ ಶೇ. 30ಕ್ಕೆ ಇಳಿಯುವ ತನಕ ಕಾಯದೆ, ಶೇ. 50ರ ಕೆಳಗೆ ಬಂದು ಬೇಗ ಬೇಗ ಇಳಿಯುತ್ತಿದೆ ಎಂದಾಗಲೇ ಕಸಿ ತಂಡದ ಬಳಿ ಕಳಿಸಬೇಕು. ಕಳಿಸಿದ ಮಾತ್ರಕ್ಕೆ ಕಸಿಯಾಗುತ್ತದೆ ಎಂದಲ್ಲ. ಮಾತುಕತೆ ಶುರುವಾಗುತ್ತದೆ.

ನಿಜವಾದ ತಡೆ ಬೇರೊಂದಿದೆ. 1950ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಸ್ಯರೋಗ ತಜ್ಞ ವಾಲ್ಟರ್ ಬರ್ಖೋಲ್ಡರ್ ಈರುಳ್ಳಿಯನ್ನು ಕೊಳೆಸುವ ಒಂದು ಬ್ಯಾಕ್ಟೀರಿಯಾವನ್ನು ವರ್ಣಿಸಿದರು. ಅದರ ಬಳಗ ಮಣ್ಣಿನಲ್ಲಿ, ನೀರಿನಲ್ಲಿ, ಆಸ್ಪತ್ರೆಯ ಸೋಂಕುನಿವಾರಕ ದ್ರಾವಣದಲ್ಲಿ ಕೂಡ ಬದುಕುತ್ತದೆ. 1984ರಲ್ಲಿ ಟೊರಾಂಟೊದ ವೈದ್ಯರು ಅದೇ ಬಳಗದ ಜೀವಿ ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳ ಎದೆಗಿಳಿದು ಜ್ವರ, ನ್ಯುಮೋನಿಯಾ ತಂದು ಕೆಲವರನ್ನು ವಾರಗಳಲ್ಲೇ ಕೊಂಡೊಯ್ದದ್ದನ್ನು ದಾಖಲಿಸಿದರು. ಈ ಬಳಗಕ್ಕೆ ಬರ್ಖೋಲ್ಡೇರಿಯಾ ಸೆಪಾಸಿಯಾ ಸಂಕೀರ್ಣ ಎನ್ನುತ್ತಾರೆ. ಅದರೊಳಗೆ ಹಲವು ಪ್ರಭೇದಗಳಿವೆ. ಬರ್ಖೋಲ್ಡೇರಿಯಾ ಮಲ್ಟಿವೊರಾನ್ಸ್ ಇದ್ದವರು ಕಸಿಯ ಬಳಿಕ ಉಳಿದವರಷ್ಟೇ ಚೆನ್ನಾಗಿರಬಲ್ಲರು. ಬರ್ಖೋಲ್ಡೇರಿಯಾ ಸೆನೊಸೆಪಾಸಿಯಾ ಇದ್ದವರ ಸ್ಥಿತಿ ಅದಕ್ಕೆ ತದ್ವಿರುದ್ಧ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥವರು ಕಸಿಯ ಮೊದಲ ವರ್ಷದಲ್ಲೇ ಸಾಯುವ ಸಂಭವ ಸುಮಾರು ಆರು ಪಟ್ಟು ಹೆಚ್ಚಿತ್ತು. ಹೆಚ್ಚಿನ ಕೇಂದ್ರಗಳು ಅವರನ್ನು ಪಟ್ಟಿಗೇ ಸೇರಿಸುವುದಿಲ್ಲ. ಟೊರಾಂಟೊದಂಥ ಕೆಲವು ಅನುಭವಿ ಕೇಂದ್ರಗಳು ಮಾತ್ರ ಕೈಹಾಕುತ್ತ ಬಂದಿವೆ.

ಲಾಸ್ ಏಂಜಲೀಸಿನ ಮ್ಯಾಲೊರಿ ಸ್ಮಿತ್ ಎಂಬ ತರುಣಿ ಹದಿಹರೆಯದಿಂದಲೇ ಸೆನೊಸೆಪಾಸಿಯಾ ಹೊತ್ತಿದ್ದವರು. ಆ ಸೋಂಕಿನ ಕಾರಣಕ್ಕೆ ಅನೇಕ ಆಸ್ಪತ್ರೆಗಳು ಬೇಡವೆಂದ ಮೇಲೆ ಪಿಟ್ಸ್‌ಬರ್ಗಿನ ಆಸ್ಪತ್ರೆ ಒಪ್ಪಿ 2017ರಲ್ಲಿ ಕಸಿ ಮಾಡಿತು. ಅದೇ ಬ್ಯಾಕ್ಟೀರಿಯಾ ಹೊಸ ಶ್ವಾಸಕೋಶಕ್ಕೂ ಇಳಿಯಿತು. ಎರಡು ತಿಂಗಳಲ್ಲಿ, 25ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ದಿನಚರಿ 2019ರಲ್ಲಿ ಪುಸ್ತಕವಾಗಿ ಬಂತು. ಬ್ಯಾಕ್ಟೀರಿಯಾವನ್ನು ತಿನ್ನುವ ವೈರಸ್‌ಗಳನ್ನು, ಅಂದರೆ ಫೇಜ್‌ಗಳನ್ನು, ಅವರಿಗಾಗಿ ತಂದೆ ಜಗತ್ತಿನ ಮೂಲೆಮೂಲೆಯ ವಿಜ್ಞಾನಿಗಳ ಮೂಲಕ ಹುಡುಕಿಸಿದರು. ಅವು ಕೈಗೆ ಬಂದಾಗ ಹೊತ್ತು ಮೀರಿತ್ತು.

ಬರ್ಖೋಲ್ಡೇರಿಯಾ ಬಳಗ ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಹರಡುತ್ತದೆ ಎಂಬುದು ತಿಳಿದ ಮೇಲೆ, ಪಶ್ಚಿಮದಲ್ಲಿ ಈ ಮಕ್ಕಳಿಗಾಗಿ ನಡೆಯುತ್ತಿದ್ದ ಬೇಸಿಗೆ ಶಿಬಿರಗಳನ್ನೇ ನಿಲ್ಲಿಸಿದರು. ಒಂದೇ ಕಾಯಿಲೆಯ ಇಬ್ಬರು ಆರು ಅಡಿಗಿಂತ ಹತ್ತಿರ ಬರಬಾರದೆಂಬ ನಿಯಮ ಬಂತು. ಒಬ್ಬರ ಕಷ್ಟ ಇನ್ನೊಬ್ಬರಿಗೆ ಅರ್ಥವಾಗುವಂಥ ಇಬ್ಬರು ಎದುರುಬದುರು ಕೂರುವಂತಿಲ್ಲ ಎಂಬುದು ಎಂಥ ಕ್ರೂರ ನಿಯಮ! ಆದರೂ ಅದು ಬೇಕು. ನಮ್ಮ ಸರ್ಕಾರಿ ಆಸ್ಪತ್ರೆಗಳ ಬೆಳಗಿನ ಸಾಲನ್ನು ನೆನೆಸಿಕೊಳ್ಳಿ, ಒಂದೇ ಬೆಂಚಿನಲ್ಲಿ ಆರು ಜನ ಕೆಮ್ಮುತ್ತ ಕೂರುತ್ತಾರೆ. 1898ರ ಪ್ಲೇಗ್ ಬಂದುಹೋದ ಮೇಲೆ ಗಾಳಿ ಬೆಳಕಿಗೆ ಜಾಗ ಬಿಟ್ಟು ಫ್ರೇಜರ್ ಟೌನ್ ಕಟ್ಟಿದ ಊರು ಇದು. ಈ ಮಕ್ಕಳಿಗೆ ವಾರದಲ್ಲಿ ಬೇರೆ ಬೇರೆ ಗಂಟೆ ಕೊಟ್ಟು ಕರೆಸುವುದಕ್ಕೆ ಹೊಸ ಕಟ್ಟಡವೂ ಬೇಕಾಗಿಲ್ಲ.

ಈಗ ನಮ್ಮ ಲ್ಯಾಬುಗಳ ಕಡೆ ತಿರುಗುತ್ತೇನೆ. ಕಫದ ತಟ್ಟೆಯಲ್ಲಿ ಬಣ್ಣವಿಲ್ಲದ ಕಾಲೊನಿ ಬಂದರೆ, ಯಂತ್ರ ಏನೋ ಒಂದು ಹೆಸರು ಕೊಟ್ಟರೆ, 'ಸ್ಯೂಡೊಮೋನಾಸ್ ಪ್ರಭೇದ' ಎಂದು ಬರೆದು ಮುಗಿಸುವ ರೂಢಿ ಬಲವಾಗಿದೆ. ಬರ್ಖೋಲ್ಡೇರಿಯಾ ಬೆಳೆಯಲು ವಿಶೇಷ ಆಗರ್ ಬೇಕು. ಒಳಗಿನ ಪ್ರಭೇದ ಹೇಳಲು ಜೀನ್ ಓದಬೇಕು. ಆದರೆ ಅನುಮಾನ ಹುಟ್ಟಲು ಅಷ್ಟೆಲ್ಲ ಬೇಡ. ಸ್ಯೂಡೊಮೋನಾಸಿಗೆ ಸಾಮಾನ್ಯವಾಗಿ ನಾಟುವ ಕೊಲಿಸ್ಟಿನ್ ಬರ್ಖೋಲ್ಡೇರಿಯಾಗೆ ಹುಟ್ಟಿನಿಂದಲೇ ನಾಟುವುದಿಲ್ಲ. ಕೊಲಿಸ್ಟಿನ್ ಮತ್ತು ಜೆಂಟಾಮೈಸಿನ್ ಬಿಲ್ಲೆಗಳ ಸುತ್ತ ಜೀವಿ ಹಾಯಾಗಿ ಬೆಳೆದಿದ್ದರೆ ಕೈ ತಡೆಯಬೇಕು. ಅದೇ ತಟ್ಟೆಯಲ್ಲಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಬಿಲ್ಲೆಯ ಸುತ್ತ ಖಾಲಿ ವರ್ತುಲ ಬಿದ್ದಿದ್ದರೆ ಇನ್ನೂ ಜಾಗ್ರತೆ ಬೇಕು. ಅದು ಅದೇ ಕುಲದ ಇನ್ನೊಂದು ಜೀವಿ, ಬರ್ಖೋಲ್ಡೇರಿಯಾ ಸ್ಯೂಡೊಮ್ಯಾಲಿಯೈ ಇರಬಹುದು. ಮೆಲಿಯೊಯ್ಡೋಸಿಸ್ ಎಂಬ ಕಾಯಿಲೆ ತರುವ ಈ ಜೀವಿ ನಮ್ಮ ಕರಾವಳಿಯ ಮಣ್ಣಿನದು. ಉಡುಪಿ, ಮಂಗಳೂರು ಕಡೆಯ ಗದ್ದೆಗಳಲ್ಲಿ ಮಳೆಗಾಲದಲ್ಲಿ ಅದು ತಗುಲುವುದು ರೈತರಿಗೆ ತಿಳಿದಿಲ್ಲ, ಕ್ಷಯವೆಂದೇ ಎಷ್ಟೋ ಸಲ ಚಿಕಿತ್ಸೆಯಾಗುತ್ತದೆ. ಮಣಿಪಾಲದ ಸೂಕ್ಷ್ಮಜೀವಿ ವಿಭಾಗದವರು ವರ್ಷಗಟ್ಟಲೆ ಇದನ್ನು ಬೆನ್ನುಹತ್ತಿ ದಾಖಲಿಸಿದ್ದರಿಂದ ಇಂದು ನಾವು ಅದರ ಬಗ್ಗೆ ಮಾತಾಡಬಲ್ಲೆವು. ಸಿಸ್ಟಿಕ್ ಫೈಬ್ರೋಸಿಸ್ ಇರುವವರಿಗೆ ಇದು ತಗುಲಿದರೆ ವರ್ಷಗಟ್ಟಲೆ ಎದೆಯಲ್ಲೇ ಉಳಿಯಬಲ್ಲದು. ಹೊರದೇಶದಲ್ಲಿರುವ ಕನ್ನಡದ ಕುಟುಂಬಗಳಿಗೆ ನನ್ನ ವಿನಂತಿ: ಈ ಕಾಯಿಲೆಯ ಮಗುವನ್ನು ಜೂನ್-ಜುಲೈ ರಜೆಯಲ್ಲಿ ಅಜ್ಜನ ಗದ್ದೆಗೆ ಕರೆತರುವ ಮುನ್ನ ನಿಮ್ಮ ವೈದ್ಯರನ್ನು ಕೇಳಿ. ಮಳೆ ಕಳೆದ ಮೇಲೆ ಬನ್ನಿ.

ಮತ್ತೊಂದು ಗೊಂದಲ ಕ್ಷಯದ ಸ್ಲೈಡಿನದು. ಸ್ಲೈಡಿನಲ್ಲಿ ಕೆಂಪು ಕಡ್ಡಿಗಳು ಕಂಡ ಕೂಡಲೇ ಕ್ಷಯ ಎನ್ನುತ್ತೇವೆ. ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಕ್ಷಯವಲ್ಲವೆಂದರೆ, ಕಡ್ಡಿಗಳು ಕಂಡದ್ದು ನಿಜವಾಗಿದ್ದರೆ, ಅದು ಮೈಕೋಬ್ಯಾಕ್ಟೀರಿಯಂ ಆಬ್ಸೆಸಸ್ ಇರಬಹುದು. ಕ್ಷಯದ ಮಾತ್ರೆಗೆ ಅದು ಜಗ್ಗುವುದಿಲ್ಲ. ಕಸಿಗೂ ಅದು ದೊಡ್ಡ ಆತಂಕ. ಅಂತರರಾಷ್ಟ್ರೀಯ ಹೃದಯ-ಶ್ವಾಸಕೋಶ ಕಸಿ ಸಂಘದ 2021ರ ಒಮ್ಮತದ ದಾಖಲೆ ಸೆನೊಸೆಪಾಸಿಯಾ ಮತ್ತು ಆಬ್ಸೆಸಸ್ ಎರಡನ್ನೂ ಅತಿ ಹೆಚ್ಚು ಅಪಾಯದ ಸಾಲಿನಲ್ಲಿಟ್ಟಿದೆ. ಬಾಗಿಲು ಪೂರ್ತಿ ಮುಚ್ಚಿಲ್ಲ. ಈ ಜೀವಿಗಳನ್ನು ನಿಭಾಯಿಸಿ ಅನುಭವವಿರುವ ಕೇಂದ್ರಕ್ಕೆ ಮಾತ್ರ ಕಳಿಸಿ ಎನ್ನುತ್ತದೆ. ಯಾವ ಜೀವಿ ಎಂದು ತಿಳಿಯದೆ ಎಲ್ಲಿಗೆ ಕಳಿಸುವುದು?

ದಾನಿಯ ಕಡೆಯದೂ ಒಂದು ಮಾತಿದೆ. ಡಾ. ರಾಜ್‌ಕುಮಾರ್ 2006ರಲ್ಲಿ, ಪುನೀತ್ 2021ರಲ್ಲಿ ಕಣ್ಣು ಕೊಟ್ಟುಹೋದರು. ಕಣ್ಣುದಾನ ನಾಡಿನ ಮನಸ್ಸಿನಲ್ಲಿ ನಿಂತಿತು. ಉಸಿರು ನಿಂತ ಮೇಲೂ ಕೆಲವು ಗಂಟೆ ಕಣ್ಣನ್ನು ತೆಗೆಯಬಹುದು. ಶ್ವಾಸಕೋಶಕ್ಕೆ ಹಾಗಾಗದು. ನಟ ಸಂಚಾರಿ ವಿಜಯ್ ಅವರ ಕುಟುಂಬ 2021ರಲ್ಲಿ ಮಾಡಿದಂತೆ, ಮಿದುಳು ನಿಷ್ಕ್ರಿಯವಾಗಿ ಹೃದಯ ಇನ್ನೂ ಬಡಿಯುತ್ತಿರುವಾಗಲೇ ಮನೆಯವರು ಒಪ್ಪಬೇಕು. ನಾಲ್ವರು ವೈದ್ಯರು ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸಬೇಕು. ಆ ಹೊತ್ತಿಗೆ ದಾನಿ ವೆಂಟಿಲೇಟರಿನಲ್ಲಿ ದಿನಗಳನ್ನು ಕಳೆದಿರುತ್ತಾರೆ. ನಮ್ಮ ಐಸಿಯುಗಳಲ್ಲಿ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ಗಳು ಕಾರ್ಬಪೆನೆಮ್ ಔಷಧಿಗೂ ಬಗ್ಗದ ಮಟ್ಟಕ್ಕೆ ಬೆಳೆದಿವೆ. ಮೊದಲು ಕೆಡುವುದು ಶ್ವಾಸಕೋಶ. ದಾನಕ್ಕೆ ಒಪ್ಪಿದವರೆಲ್ಲರ ಶ್ವಾಸಕೋಶ ಬಳಕೆಗೆ ಬರದಿರಲು ಇದೊಂದು ಮುಖ್ಯ ಕಾರಣ. ಕೆಡದೆ ಉಳಿದದ್ದನ್ನೂ ಆರೆಂಟು ಗಂಟೆಯೊಳಗೆ ಹೊಲಿದು ಮುಗಿಸಬೇಕು. ಐಸಿಯುವಿನಲ್ಲಿ ಕೈ ತೊಳೆಯುವ ನರ್ಸ್ ಒಬ್ಬರು ಒಂದು ಜೊತೆ ಶ್ವಾಸಕೋಶ ಉಳಿಸಿರುತ್ತಾರೆ ಎಂದರೆ ಉತ್ಪ್ರೇಕ್ಷೆಯಲ್ಲ.

ಔಷಧಿಯ ವಿಚಾರವನ್ನು ಬಿಟ್ಟರೆ ಅನ್ಯಾಯವಾದೀತು. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ರೈಕಾಫ್ಟಾ ಎಂಬ ಮಾತ್ರೆ ಕೆಟ್ಟ ಬಾಗಿಲನ್ನೇ ತಿದ್ದುತ್ತದೆ. ಅದು ಬಂದಮೇಲೆ ಅಲ್ಲಿ ಈ ಕಾಯಿಲೆಗಾಗಿ ನಡೆಯುವ ಕಸಿಗಳ ಸಂಖ್ಯೆ ಧುತ್ತೆಂದು ಕುಸಿಯಿತು. ಬೆಲೆ ವರ್ಷಕ್ಕೆ 3 ಲಕ್ಷ ಡಾಲರಿಗೂ ಹೆಚ್ಚು. ಅರ್ಜೆಂಟೀನಾದ ಕಂಪನಿ ಕಡಿಮೆ ಬೆಲೆಯ ಪ್ರತಿಯನ್ನು ತಯಾರಿಸುತ್ತಿದೆ. ನಮ್ಮ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯ ಪಟ್ಟಿಯಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಇದೆ. ಗುರುತಿಸಿದ ಕೇಂದ್ರಗಳ ಮೂಲಕ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯ ಜೊತೆಗೂಡಿ ಮಾನವ ತಳಿವಿಜ್ಞಾನ ಕೇಂದ್ರ ಆ ಹೊಣೆ ಹೊತ್ತಿದೆ. ಜೀವಮಾನವಿಡೀ ನುಂಗಬೇಕಾದ ಮಾತ್ರೆಗೆ ಈ ಬೆಲೆಯಲ್ಲಿ ಆ ಹಣ ಕೆಲವು ತಿಂಗಳಿಗೆ ಸಾಕಾದೀತು. ಔಷಧಿ ಇದ್ದವರ ದೇಶದಲ್ಲಿ ಕಸಿ ಕಡಿಮೆಯಾಗುತ್ತಿರುವ ಹೊತ್ತಿನಲ್ಲಿ ನಮ್ಮ ಮಕ್ಕಳಿಗೆ ಔಷಧಿಯೂ ಇಲ್ಲ, ಕಸಿಯೂ ಇಲ್ಲ ಎಂಬಂತಾಗಬಾರದು. ಇದು ನನ್ನನ್ನು ರಾತ್ರಿ ನಿದ್ದೆಗೆಡಿಸುವ ಸಂಗತಿ.

ಭರವಸೆಯ ಒಂದು ಪ್ರಸಂಗವನ್ನೂ ಹೇಳುತ್ತೇನೆ. 2017ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಇದ್ದ 15 ವರ್ಷದ ಹುಡುಗಿಗೆ ಎರಡೂ ಶ್ವಾಸಕೋಶಗಳ ಕಸಿಯಾಯಿತು. ಆಬ್ಸೆಸಸ್ ಅವಳ ಗಾಯದಲ್ಲಿ, ಯಕೃತ್ತಿನಲ್ಲಿ, ಚರ್ಮದಲ್ಲಿ ಹರಡಿತು. ಎಲ್ಲ ಔಷಧಿ ಸೋತ ಮೇಲೆ, ಅವಳ ದೇಹದಿಂದ ತೆಗೆದ ಬ್ಯಾಕ್ಟೀರಿಯಾವನ್ನು ಪಿಟ್ಸ್‌ಬರ್ಗಿನ ಗ್ರಹಾಂ ಹ್ಯಾಟ್‌ಫುಲ್ ಅವರ ಪ್ರಯೋಗಾಲಯಕ್ಕೆ ಕಳಿಸಿದರು. ವಿದ್ಯಾರ್ಥಿಗಳು ವರ್ಷಗಳಿಂದ ಕೂಡಿಟ್ಟಿದ್ದ ಸಾವಿರಾರು ಫೇಜ್‌ಗಳಲ್ಲಿ ಮೂರು ಮಾತ್ರ ಹೊಂದಿಕೆಯಾದವು. ಅವುಗಳಲ್ಲಿ ಒಂದು ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಕೊಳೆತ ಬದನೆಕಾಯಿಯ ಮೇಲೆ ಸಿಕ್ಕಿದ್ದು. ಮಿಕ್ಕ ಎರಡನ್ನು ಜೀನ್ ತಿದ್ದಿ ಹದಗೊಳಿಸಿದರು. ಫೇಜ್ ಕೊಡಲು ಶುರುಮಾಡಿದ ಕೆಲವೇ ತಿಂಗಳಲ್ಲಿ ಗಾಯ ಮಾಗಿತು, ಅವಳು ಮನೆಗೆ ಹೋದಳು. ಸೋಂಕು ಪೂರ್ತಿ ಅಳಿಯಲಿಲ್ಲವೆಂಬುದನ್ನೂ ಹೇಳಲೇಬೇಕು. 2019ರಲ್ಲಿ ಈ ವಿವರ ಪ್ರಕಟವಾಯಿತು.

ಆ ಹುಡುಗಿಗೆ ಒದಗಿದ ನೆರವಿನ ಹಿಂದೆ ಇದ್ದದ್ದು ಕಾಪಾಡಿಟ್ಟ ಒಂದು ಕಲ್ಚರ್. ನಮ್ಮಲ್ಲಿ ವರದಿ ಹೋದ ವಾರದಲ್ಲೇ ತಟ್ಟೆಯನ್ನು ಆಟೊಕ್ಲೇವಿಗೆ ಹಾಕಿ ಎಸೆಯುತ್ತೇವೆ. ಆದ್ದರಿಂದ ಈ ಸಭೆಯಲ್ಲಿರುವ ಲ್ಯಾಬಿನ ಗೆಳೆಯರಲ್ಲಿ ಕೇಳಿಕೊಳ್ಳುವುದು ಇಷ್ಟು. ಸಿಸ್ಟಿಕ್ ಫೈಬ್ರೋಸಿಸ್ ಎಂದು ಚೀಟಿಯಲ್ಲಿ ಬರೆದ ಪ್ರತಿ ಕಫಕ್ಕೂ ಬರ್ಖೋಲ್ಡೇರಿಯಾ ಆಗರಿನ ಒಂದು ತಟ್ಟೆ ಹೆಚ್ಚಾಗಿ ಹಾಕಿ. ಪ್ರಭೇದ ಖಚಿತವಾಗದಿದ್ದರೆ 'ಖಚಿತವಾಗಿಲ್ಲ' ಎಂದೇ ಬರೆದು ದೊಡ್ಡ ಲ್ಯಾಬಿಗೆ ಕಳಿಸಿ. ಬೆಳೆದ ಜೀವಿಯ ಎರಡು ಶೀಶೆಗಳನ್ನು ಗ್ಲಿಸರಾಲಿನಲ್ಲಿ ಬೆರೆಸಿ, ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ, ರೋಗಿಯ ನೋಂದಣಿ ಸಂಖ್ಯೆ ಮತ್ತು ತಾರೀಖು ಹಚ್ಚಿ ಇಡಿ. ತಂದೆತಾಯಿಗಳು ಮುಂದಿನ ಸಲ ವರದಿ ತೆಗೆದುಕೊಳ್ಳಲು ಹೋದಾಗ ಕಿಟಕಿಯಲ್ಲಿ ನಿಂತು ಈ ಮೂರನ್ನೂ ಕೇಳಿ. ಉತ್ತರ ಸಿಗದಿದ್ದರೆ ಒಳಗಿರುವ ಮೈಕ್ರೊಬಯಾಲಜಿ ವೈದ್ಯರನ್ನು ಹೊರಗೆ ಕರೆಸಿ ಕೇಳಿ. ಅದು ನಿಮ್ಮ ಹಕ್ಕು, ಉತ್ತರಿಸುವುದು ನಮ್ಮ ಕೆಲಸ.